ಕಾಂಡ್ಲಾ ಕಾಡಿಗೆ ಮಣ್ಣು ಎಲ್ಲಿಂದ ಬರುತ್ತದೆ?

ಮುಂಗಾರು ಜೋರಾದ ಮೇಲೆ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನಲ್ಲಿ ತುಂಗಭದ್ರೆಯ ನೀರು ತಿಳಿಯಾಗಿರುವುದಿಲ್ಲ. ಮಲೆನಾಡಿನ ಮಣ್ಣನ್ನು ಹೊತ್ತೇ ಬಂದಿರುವ ಹೊಳೆಗೆ ಇಲ್ಲಿಯ ಹಳ್ಳಗಳೂ ತಮ್ಮ ಪಾಲನ್ನು ತಂದು ಸೇರಿಸುತ್ತವೆ. ಕಪ್ಪತಗುಡ್ಡದ ಬುಡದ ಮಸಾರಿ ಹೊಲಗಳಿಂದ ಕೆಂಪು ನೀರು ಇಳಿದರೆ, ಎರಿ ಹೊಲಗಳಿಂದ ಕಪ್ಪು ರಾಡಿ ಇಳಿಯುತ್ತದೆ. ಒಂದೇ ದೊಡ್ಡ ಮಳೆಗೆ ಒಡ್ಡು ಒಡೆದು ಹೊಲದ ಮೇಲ್ಮಣ್ಣು ಹಳ್ಳ ಹಿಡಿದು ಹೋಗಿದ್ದನ್ನು ಈ ಸೀಮೆಯ ರೈತರೆಲ್ಲ ಕಂಡವರೇ. ಹಾಗೆ ಹೋದ ಮಣ್ಣು ಮುಂದೆ ಏನಾಗುತ್ತದೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ವಿಚಾರಿಸುವುದಿಲ್ಲ.

ಗದಗಿಗೆ ಹತ್ತಿರದ ಸಮುದ್ರ ಅರಬ್ಬಿ ಸಮುದ್ರ. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಒಂದು ಹನಿ ನೀರೂ ಅತ್ತ ಹರಿಯುವುದಿಲ್ಲ. ಈ ನಾಡಿನ ಇಳಿಜಾರು ಪೂರ್ವಕ್ಕಿದೆ. ಮಲಪ್ರಭೆ ಸೇರುವ ಬೆಣ್ಣಿಹಳ್ಳವಾಗಲಿ, ತುಂಗಭದ್ರೆಗೆ ಇಳಿಯುವ ಸಣ್ಣಪುಟ್ಟ ಹಳ್ಳಗಳಾಗಲಿ, ಕೊನೆಗೆ ಸೇರುವುದು ಕೃಷ್ಣೆಯನ್ನೇ. 531 ಕಿಲೋಮೀಟರ್ ಉದ್ದದ ತುಂಗಭದ್ರೆ ಆಂಧ್ರದ ಸಂಗಮೇಶ್ವರದ ಬಳಿ ಕೃಷ್ಣೆಯಲ್ಲಿ ಕೂಡುತ್ತದೆ. ಅಲ್ಲಿಂದ ಕೃಷ್ಣೆ ಶ್ರೀಶೈಲಂ, ನಾಗಾರ್ಜುನಸಾಗರ, ವಿಜಯವಾಡ ದಾಟಿ, ದಿವಿಸೀಮೆಯ ಸಮತಟ್ಟು ನೆಲದಲ್ಲಿ ಕವಲೊಡೆದು ಬಂಗಾಳ ಕೊಲ್ಲಿಗೆ ಬೀಳುತ್ತದೆ. ಆ ಕವಲುಗಳ ತುದಿಯಲ್ಲಿ, ಉಪ್ಪು ನೀರೂ ಸಿಹಿ ನೀರೂ ಬೆರೆಯುವ ಕೆಸರಿನಲ್ಲಿ ಒಂದು ಕಾಡಿದೆ. ನಮ್ಮ ಉತ್ತರ ಕನ್ನಡದ ಕರಾವಳಿಯವರು ಅಂಥ ಕಾಡನ್ನು ಕಾಂಡ್ಲಾ ಅನ್ನುತ್ತಾರೆ, ಆಂಧ್ರದವರು ಮಡ ಅಡವಿ ಅನ್ನುತ್ತಾರೆ, ಪುಸ್ತಕಗಳಲ್ಲಿ ಅದು ಮ್ಯಾಂಗ್ರೋವ್.

ಕಾಂಡ್ಲಾ ಕರಾವಳಿಯನ್ನು ಕಾಯುತ್ತದೆ ಎಂಬ ಮಾತು ಈಗ ಶಾಲೆಯ ಪಾಠಗಳಲ್ಲೂ ಇದೆ. ಮಾತು ನಿಜ, ಆದರೆ ಅರ್ಧ ನಿಜ. ಕಾಂಡ್ಲಾ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಹಿಡಿಯಲು ಮಣ್ಣು ಮೇಲಿನಿಂದ ಬರುತ್ತಲೇ ಇರಬೇಕು. ಆ ಉಳಿದರ್ಧ ನಿಜ ಸಮುದ್ರವನ್ನೇ ಕಾಣದ ನಮ್ಮಂಥ ಊರುಗಳಿಗೆ ಸಂಬಂಧಿಸಿದ್ದು.

ನಿಂತಲ್ಲಿ ನಿಲ್ಲದ ದಂಡೆ

ನಕ್ಷೆಯಲ್ಲಿ ಕರಾವಳಿ ಒಂದು ಗೆರೆ. ನೆಲದ ಮೇಲೆ, ಅದರಲ್ಲೂ ನದೀಮುಖಜ ಭೂಮಿಯಲ್ಲಿ, ಅಂಥ ಗೆರೆ ಇರುವುದಿಲ್ಲ. ಅಲೆಗಳು ಒಂದು ಕಡೆ ಕೆರೆದು ಇನ್ನೊಂದು ಕಡೆ ಹಾಕುತ್ತವೆ. ದಂಡೆಗುಂಟ ಹರಿಯುವ ಪ್ರವಾಹ ಮರಳನ್ನು ಸಾಗಿಸುತ್ತದೆ. ಹೊಳೆ ಹೊಸ ಹೂಳನ್ನು ತಂದು ಸುರಿಯುತ್ತದೆ. ಬಂದ ಮಣ್ಣು ಹೋದ ಮಣ್ಣಿಗಿಂತ ಹೆಚ್ಚಾದ ವರ್ಷ ನೆಲ ಮುಂದಕ್ಕೆ ಬೆಳೆಯುತ್ತದೆ, ಕಡಿಮೆಯಾದ ವರ್ಷ ಸಮುದ್ರ ಒಳಕ್ಕೆ ಬರುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಹೂಳಿನಿಂದಾದ ನೆಲ ತನ್ನದೇ ಭಾರಕ್ಕೆ ಅಡಕವಾಗುತ್ತ ನಿಧಾನವಾಗಿ ತಗ್ಗುತ್ತದೆ. ಹಾಗಾಗಿ ಇಂಥ ಭೂಮಿ ಇದ್ದ ಮಟ್ಟದಲ್ಲೇ ಉಳಿಯಬೇಕಾದರೂ ಪ್ರತಿವರ್ಷ ಹೊಸ ಮಣ್ಣು ಬೇಕು.

ಹಿಮಯುಗ ಮುಗಿದು ಏರುತ್ತಿದ್ದ ಸಮುದ್ರ ಸುಮಾರು 6,000 ವರ್ಷಗಳ ಹಿಂದೆ ಈಗಿನ ಮಟ್ಟದ ಆಸುಪಾಸಿಗೆ ಬಂದು ನಿಂತಿತು. ಅಲ್ಲಿಂದೀಚೆಗೆ ಕೃಷ್ಣೆ ಹೂಳು ಸುರಿದು ಸುರಿದು ಸಮುದ್ರವನ್ನು ಹಿಂದಕ್ಕೆ ತಳ್ಳಿದಳು. ಈಗ ಒಳನಾಡಾಗಿರುವ ಜಾಗದಲ್ಲೂ ಸಾಲು ಸಾಲು ಹಳೆಯ ಮರಳು ದಿಬ್ಬಗಳಿವೆ. ಅವು ಒಂದು ಕಾಲದಲ್ಲಿ ಸಮುದ್ರದ ದಂಡೆಗಳಾಗಿದ್ದವು. ಇಂದು ಭತ್ತದ ಕಣಜವಾಗಿರುವ ಆ ನೆಲ ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ, ಆಂಧ್ರಗಳ ಬೆಟ್ಟ-ಬಯಲುಗಳ ಮಣ್ಣಿನಿಂದಲೇ ಆದದ್ದು. ಕಪ್ಪತಗುಡ್ಡದ ಮಣ್ಣೂ ಅದರಲ್ಲಿದೆ.

ಉಪ್ಪು ತಾಗಿದ ಎರಿ ಮಣ್ಣು

ನೂರಾರು ಕಿಲೋಮೀಟರ್ ತೇಲಿ ಬಂದ ಮಣ್ಣು ಸರಿಯಾಗಿ ಸಮುದ್ರದ ಬಾಯಲ್ಲೇ ತಳ ಸೇರುವುದಕ್ಕೆ ಕಾರಣವಿದೆ. ಅದನ್ನು ಮನೆಯಲ್ಲೇ ನೋಡಬಹುದು.

ಒಂದು ಹಿಡಿ ಎರಿ ಮಣ್ಣನ್ನು ಬಕೆಟ್ಟಿನಲ್ಲಿ ಚೆನ್ನಾಗಿ ಕದಡಿ. ನೀರು ಮಳೆಯದ್ದಾಗಿರಲಿ, ನಮ್ಮ ಬೋರ್‌ವೆಲ್ ನೀರಿನಲ್ಲಿ ಮೊದಲೇ ಲವಣವಿರುತ್ತದೆ. ದಪ್ಪ ಕಣ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ರಾಡಿ ನೀರನ್ನು ಎರಡು ಗಾಜಿನ ಜಾಡಿಗಳಿಗೆ ಸುರಿಯಿರಿ. ಒಂದಕ್ಕೆ ಎರಡು ಚಮಚ ಉಪ್ಪು ಹಾಕಿ ಕಲಸಿ. ಉಪ್ಪು ಹಾಕಿದ ಜಾಡಿಯಲ್ಲಿ ನೋಡುನೋಡುತ್ತ ಮಣ್ಣು ಸಣ್ಣ ಸಣ್ಣ ಗಂಟು ಕಟ್ಟಿ ಕೆಳಗಿಳಿಯತೊಡಗುತ್ತದೆ, ಮೇಲಿನ ನೀರು ತಿಳಿಯಾಗುತ್ತ ಬರುತ್ತದೆ. ಇನ್ನೊಂದು ಜಾಡಿಯ ನೀರು ಮರುದಿನವೂ ಕದಡಿದಂತೆಯೇ ಇರುತ್ತದೆ.

ಎರಿ ಭೂಮಿಯ ಜೇಡಿ ಬಹಳ ನುಣುಪು. ಅದರ ಕಣಗಳು ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗಕ್ಕಿಂತ ಸಣ್ಣವು. ಅಂಥ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮೂರು ದಿನಕ್ಕಿಂತ ಹೆಚ್ಚು ಬೇಕು. ಮೇಲಾಗಿ ಪ್ರತಿ ಕಣದ ಮೈಮೇಲೂ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಲೇ ಇರುತ್ತವೆ. ಸಮುದ್ರದ ಪ್ರತಿ ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅದರಲ್ಲಿರುವ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಧನ ವಿದ್ಯುದಂಶ ಈ ತಳ್ಳಾಟವನ್ನು ನಿಲ್ಲಿಸುತ್ತದೆ. ಕಣಗಳು ಅಂಟಿಕೊಂಡು ಗಂಟಾಗುತ್ತವೆ, ಗಂಟು ಬೇಗ ಮುಳುಗುತ್ತದೆ. ಆರೇಳು ತಾಸಿಗೊಮ್ಮೆ ಉಬ್ಬರ ಹೋಗಿ ಇಳಿತ ಬರುವ ಜಾಗದಲ್ಲಿ ಮೂರು ದಿನ ಬೇಕಾದ ಕಣ ಎಂದೂ ತಳ ಮುಟ್ಟುತ್ತಿರಲಿಲ್ಲ. ಮುಟ್ಟುವುದಕ್ಕೆ ಅವಕಾಶ ಮಾಡಿಕೊಡುವುದು ಮೊದಲು ಉಪ್ಪು, ಆಮೇಲೆ ಬೇರು.

ಬೇರು ಮಾಡುವ ಕೆಲಸ

ಕಾಂಡ್ಲಾ ಎಂದರೆ ಒಂದೇ ಜಾತಿಯ ಮರವಲ್ಲ. ಉಬ್ಬರದ ಉಪ್ಪು ನೀರಿನಲ್ಲಿ ಬದುಕಲು ಕಲಿತ, ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಮರಗಳ ಕೂಟ ಅದು. ರೈಜೊಫೋರಾ ಮರದ ಕಾಂಡದಿಂದ ಬಿಲ್ಲಿನಂತೆ ಬಾಗಿದ ಬೇರುಗಳು ಹೊರಟು ಕೆಸರಿಗಿಳಿಯುತ್ತವೆ. ಅವಿಸೆನಿಯಾದ ಬೇರು ನೆಲದಡಿ ಅಡ್ಡಲಾಗಿ ಹಬ್ಬಿ, ಅಲ್ಲಿಂದ ಗೇಣುದ್ದದ ಕಡ್ಡಿಗಳನ್ನು ಮೇಲಕ್ಕೆ ಕಳಿಸುತ್ತದೆ. ಕೆಸರಿನಲ್ಲಿ ಗಾಳಿ ಇಲ್ಲದ್ದರಿಂದ ಮರ ಉಸಿರಾಡುವುದು ಈ ಕಡ್ಡಿಗಳ ಮೂಲಕ. ಮೂರು ಮೀಟರ್ ಎತ್ತರದ ಒಂದು ಅವಿಸೆನಿಯಾಕ್ಕೆ ಇಂಥ ಉಸಿರುಬೇರು ಹತ್ತು ಸಾವಿರದಷ್ಟಿರುವುದುಂಟು. ರೈಜೊಫೋರಾದ ಬೀಜ ಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತಾಡುತ್ತಿರುತ್ತದೆ. ಬಿದ್ದದ್ದು ಕೆಸರಿನಲ್ಲಿ ನೆಟ್ಟುಕೊಳ್ಳುತ್ತದೆ, ಇಲ್ಲವೆ ತೇಲಿ ಹೋಗಿ ಇನ್ನೊಂದು ಕಡೆ ಬೇರು ಬಿಡುತ್ತದೆ.

ಉಬ್ಬರದ ನೀರು ಈ ಬೇರುಗಳ ನಡುವೆ ನುಗ್ಗುವಾಗ ವೇಗ ಕಳೆದುಕೊಳ್ಳುತ್ತದೆ. ಬೇರುಗಳ ಸುತ್ತ ಸಣ್ಣ ಸುಳಿಗಳೇಳುತ್ತಿರುವಷ್ಟು ಹೊತ್ತು ಮಣ್ಣಿನ ಗಂಟುಗಳು ತೇಲುತ್ತವೆ. ಉಬ್ಬರ ತುಂಬಿ ನೀರು ಸ್ತಬ್ಧವಾದ ಸ್ವಲ್ಪ ಹೊತ್ತಿನಲ್ಲಿ ಅವು ತಳಕ್ಕಿಳಿಯುತ್ತವೆ. ಇಳಿತದ ನೀರಿಗೆ ಅವನ್ನು ಮತ್ತೆ ಎಬ್ಬಿಸಿ ಒಯ್ಯುವಷ್ಟು ಬಲವಿರುವುದಿಲ್ಲ. ಆಸ್ಟ್ರೇಲಿಯಾದ ಕೇರ್ನ್ಸ್ ಬಳಿಯ ಒಂದು ಹಿನ್ನೀರಿನಲ್ಲಿ ಅಳೆದು ನೋಡಿದ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದಂತೆ, ದೊಡ್ಡ ಉಬ್ಬರ ಹೊತ್ತು ತಂದ ಹೂಳಿನಲ್ಲಿ ಶೇ 80ರಷ್ಟು ಕಾಡಿನೊಳಗೇ ಉಳಿದುಕೊಂಡಿತ್ತು.

ನೆಲದ ಕೆಳಗಿನ ಕೆಲಸವೂ ಅಷ್ಟೇ ಮುಖ್ಯ. ಸಣ್ಣ ಬೇರುಗಳ ಜಾಲ ಕೆಸರನ್ನು ಕಟ್ಟಿಹಾಕುತ್ತದೆ. ಸತ್ತ ಬೇರು ಗಾಳಿಯಿಲ್ಲದ ಕೆಸರಿನಲ್ಲಿ ಬೇಗ ಕೊಳೆಯದೆ ಅಲ್ಲೇ ಉಳಿದು ನೆಲವನ್ನು ಮೇಲೆತ್ತುತ್ತದೆ. ಮರ ಸತ್ತರೆ ಏನಾಗುತ್ತದೆ ಎಂಬುದಕ್ಕೆ ಹೊಂಡುರಾಸ್ ದೇಶದ ಗ್ವಾನಾಹಾ ದ್ವೀಪ ಸಾಕ್ಷಿ. 1998ರ ಮಿಚ್ ಚಂಡಮಾರುತಕ್ಕೆ ಅಲ್ಲಿಯ ಕಾಂಡ್ಲಾ ಸತ್ತ ಮೇಲೆ, ಬೇರು ಕೊಳೆಯುತ್ತ ನೆಲವೇ ವರ್ಷಕ್ಕೆ ಸುಮಾರು 11 ಮಿಲಿಮೀಟರ್ ಕುಸಿಯಿತು. ಮರ ಕಡಿದರೆ ಮರವಷ್ಟೇ ಹೋಗುವುದಿಲ್ಲ, ಅದು ನಿಂತಿದ್ದ ನೆಲವೂ ಹೋಗುತ್ತದೆ.

ಅಲೆಯ ಮುಂದೆ ಕಾಡು

1977ರ ನವೆಂಬರ್ 19ರಂದು ಬಂಗಾಳ ಕೊಲ್ಲಿಯ ಚಂಡಮಾರುತವೊಂದು ಕೃಷ್ಣೆಯ ಬಾಯಿಗೇ ಅಪ್ಪಳಿಸಿತು. ಸುಮಾರು ಐದು ಮೀಟರ್ ಎತ್ತರಕ್ಕೆ ಉಕ್ಕಿದ ಸಮುದ್ರ ದಿವಿಸೀಮೆಯ ಊರುಗಳ ಮೇಲೆ ಹಾದುಹೋಯಿತು. ಸತ್ತವರು ಕನಿಷ್ಠ 10,000 ಮಂದಿ. ಇಂಥ ದಿನ ಕಾಂಡ್ಲಾ ಎಷ್ಟರ ಮಟ್ಟಿಗೆ ಕಾಯಬಲ್ಲದು ಎಂಬುದನ್ನು ಲೆಕ್ಕ ಹಿಡಿದೇ ಹೇಳಬೇಕು. ಏಕೆಂದರೆ ಹೆಚ್ಚು ಹೇಳಿದರೂ ಜೀವಕ್ಕೆ ಅಪಾಯ, ಕಡಿಮೆ ಹೇಳಿದರೂ ಅಪಾಯ.

ಗಾಳಿಯಿಂದೇಳುವ ದಿನನಿತ್ಯದ ಅಲೆ ನೂರು ಮೀಟರ್ ಅಗಲದ ಕಾಂಡ್ಲಾ ದಾಟುವಷ್ಟರಲ್ಲಿ ಅದರ ಎತ್ತರ ಶೇ 13ರಿಂದ 66ರಷ್ಟು ತಗ್ಗುತ್ತದೆ ಎಂದು ಅಳತೆಗಳು ತೋರಿಸಿವೆ. ದಂಡೆಯನ್ನು ವರ್ಷವಿಡೀ ಕೊರೆಯುವುದು ಈ ಅಲೆಗಳೇ ಆದ್ದರಿಂದ ಇದು ದೊಡ್ಡ ರಕ್ಷಣೆ. ಚಂಡಮಾರುತದಲ್ಲಿ ಉಕ್ಕುವ ಸಮುದ್ರದ ಕಥೆ ಬೇರೆ. ಅದರ ಎತ್ತರ ಒಂದು ಕಿಲೋಮೀಟರ್ ಕಾಡಿಗೆ 5ರಿಂದ 50 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಎರಡು ಸಾಲು ಮರ ನೆಟ್ಟು ಐದು ಮೀಟರ್ ನೀರನ್ನು ತಡೆಯಲಾಗದು. ಅಗಲವಾದ ಕಾಡು ಬೇಕು, ಜೊತೆಗೆ ಮುನ್ಸೂಚನೆಯೂ ಆಶ್ರಯ ಕಟ್ಟಡಗಳೂ ಬೇಕು.

ಹಾಗಿದ್ದರೂ ಕಾಡು ಇದ್ದದ್ದಕ್ಕೂ ಇಲ್ಲದ್ದಕ್ಕೂ ಆಗುವ ವ್ಯತ್ಯಾಸ ಸಣ್ಣದಲ್ಲ. 1999ರ ಅಕ್ಟೋಬರಿನ ಮಹಾ ಚಂಡಮಾರುತದ ನಂತರ ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ನೂರಾರು ಹಳ್ಳಿಗಳ ಸಾವಿನ ಲೆಕ್ಕವನ್ನು ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಪರಿಶೀಲಿಸಿದರು. 2009ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಸಮುದ್ರಕ್ಕೂ ಹಳ್ಳಿಗೂ ನಡುವೆ ಹೆಚ್ಚು ಅಗಲದ ಕಾಂಡ್ಲಾ ಇದ್ದಲ್ಲಿ ಸಾವು ಕಡಿಮೆಯಾಗಿತ್ತು. ಉಳಿದಿದ್ದ ಕಾಡೂ ಇಲ್ಲದೆ ಹೋಗಿದ್ದರೆ ದಂಡೆಯಿಂದ ಹತ್ತು ಕಿಲೋಮೀಟರ್ ಒಳಗಿನ ಪ್ರತಿ ಹಳ್ಳಿಯಲ್ಲಿ ಸರಾಸರಿ 1.72 ಸಾವು ಹೆಚ್ಚುತ್ತಿತ್ತು. ಹಳ್ಳಿಗೆ ಒಬ್ಬಿಬ್ಬರು ಎಂಬುದು ಕಾಗದದ ಮೇಲೆ ಸಣ್ಣ ಅಂಕಿ. ಆ ಒಬ್ಬಿಬ್ಬರ ಮನೆಯವರಿಗೆ ಅದು ಸಣ್ಣದಲ್ಲ.

ನಡುದಾರಿಯಲ್ಲಿ ನಿಂತ ಮಣ್ಣು

ಈಗ ಮತ್ತೆ ಹೊಳೆಗುಂಟ ಮೇಲೆ ಬರೋಣ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಇದೆ. ಅಲ್ಲಿಂದ ಮುಂದೆ ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯ. 1953ರಲ್ಲಿ ಅಣೆಕಟ್ಟು ಮುಗಿದಾಗ ಅದರಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ನಿಲ್ಲುತ್ತಿತ್ತು, ಈಗ ನಿಲ್ಲುವುದು 105ರ ಆಸುಪಾಸು. ಉಳಿದ ಜಾಗವನ್ನು ಹೂಳು ತುಂಬಿದೆ. ಆ ನಷ್ಟ ಸರಿದೂಗಿಸಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಜಲಾಶಯ ದಾಟಿದ ಹೂಳಿಗೂ ಮುಂದೆ ಶ್ರೀಶೈಲಂ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜ್ ಅಡ್ಡ ನಿಂತಿವೆ.

ಆಂಧ್ರ ವಿಶ್ವವಿದ್ಯಾಲಯದ ಕೆ. ನಾಗೇಶ್ವರ ರಾವ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಪರಿಣಾಮವನ್ನು ಎರಡು ಅಂಕಿಗಳಲ್ಲಿ ಹೇಳುತ್ತದೆ. 1966–69ರ ಹೊತ್ತಿಗೆ ಕೃಷ್ಣೆ ತನ್ನ ಕೆಳದಂಡೆಗೆ ವರ್ಷಕ್ಕೆ ಸುಮಾರು 90 ಲಕ್ಷ ಟನ್ ತೇಲುಹೂಳು ತರುತ್ತಿದ್ದಳು, 2000–05ರ ಹೊತ್ತಿಗೆ ಅದು 4 ಲಕ್ಷ ಟನ್ನಿಗೆ ಇಳಿದಿತ್ತು. ಸಾವಿರಾರು ವರ್ಷ ಮುಂದಕ್ಕೆ ಬೆಳೆದ ದಂಡೆ ಈಗ ಹಲವು ಕಡೆ ಹಿಂದಕ್ಕೆ ಸರಿಯುತ್ತಿದೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಪ್ರಕಾಶಂ ಬ್ಯಾರೇಜಿನಿಂದ ಕೆಳಗೆ ಸಿಹಿ ನೀರೂ ಹೆಚ್ಚು ಇಳಿಯುವುದಿಲ್ಲ. ಆಗ ಕೆಸರಿನ ಉಪ್ಪು ಹೆಚ್ಚಿ ಸಸಿ ಏಳುವುದಿಲ್ಲ. 1990ರ ದಶಕದಿಂದ ಹಬ್ಬಿದ ಸೀಗಡಿ ಹೊಂಡಗಳೂ ಕಾಡಿನ ಜಾಗ ತಿಂದಿವೆ.

ಇಲ್ಲಿ ನನಗೆ ಸಂಕಟದ ಸಂಗತಿ ಎಂದರೆ ಇದು. ಮಣ್ಣು ನಮ್ಮ ಹೊಲದಲ್ಲಿ ಉಳಿದಿದ್ದರೆ ಜೋಳ, ಕಡಲೆ, ಹತ್ತಿಗೆ ಆಗುತ್ತಿತ್ತು. ಸಮುದ್ರದ ದಂಡೆ ಸೇರಿದ್ದರೆ ಕಾಂಡ್ಲಾಕ್ಕೆ ನೆಲವಾಗುತ್ತಿತ್ತು. ಈಗ ಅದು ಎರಡೂ ಕಡೆ ಇಲ್ಲದೆ ಜಲಾಶಯದ ತಳದಲ್ಲಿ ಕೂತು, ನೀರು ನಿಲ್ಲುವ ಜಾಗವನ್ನೂ ಕಿತ್ತುಕೊಂಡಿದೆ. ನಷ್ಟ ಮೂರು ಕಡೆ, ಲಾಭ ಯಾರಿಗೂ ಇಲ್ಲ.

ಏರುವ ಸಮುದ್ರ, ಏರಬೇಕಾದ ನೆಲ

ಇಪ್ಪತ್ತನೇ ಶತಮಾನದ ಮೊದಲ ಏಳು ದಶಕಗಳಲ್ಲಿ ಜಗತ್ತಿನ ಸಮುದ್ರ ಮಟ್ಟ ವರ್ಷಕ್ಕೆ ಸುಮಾರು 1.3 ಮಿಲಿಮೀಟರ್ ಏರುತ್ತಿತ್ತು. 2006ರಿಂದ 2018ರ ನಡುವೆ ಆ ವೇಗ 3.7 ಮಿಲಿಮೀಟರಿಗೆ ಮುಟ್ಟಿತು. ಕಾಂಡ್ಲಾಕ್ಕೆ ಇದನ್ನು ಎದುರಿಸುವ ಶಕ್ತಿ ಇದೆ: ಹೂಳು ಹಿಡಿದು, ಬೇರು ಬೆಳೆಸಿ ತನ್ನ ನೆಲವನ್ನು ಸಮುದ್ರದ ಜೊತೆಗೇ ಮೇಲೆತ್ತಿಕೊಳ್ಳುತ್ತದೆ. ಆ ಶಕ್ತಿಗೆ ಮಿತಿಯೂ ಇದೆ. ಕಳೆದ 10,000 ವರ್ಷಗಳ ಕೆಸರಿನ ಪದರಗಳನ್ನು ಓದಿದ ಸಂಶೋಧಕರು 2020ರಲ್ಲಿ ಹೇಳಿದಂತೆ, ಸಮುದ್ರದ ಏರಿಕೆ ವರ್ಷಕ್ಕೆ 6 ಮಿಲಿಮೀಟರ್ ದಾಟಿದರೆ ಕಾಂಡ್ಲಾ ಸರಿಸಮ ಏರಲಾರದು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ವಲಯದ ಕಾಂಡ್ಲಾಗಳನ್ನು ಅಳೆದ 2015ರ ಇನ್ನೊಂದು ಅಧ್ಯಯನದಲ್ಲಿ, ನೋಡಿದ ಜಾಗಗಳ ಪೈಕಿ ಶೇ 69ರಲ್ಲಿ ನೆಲದ ಏರಿಕೆ ಆಗಲೇ ಸಮುದ್ರದ ಏರಿಕೆಗಿಂತ ಹಿಂದೆ ಬಿದ್ದಿತ್ತು. ಉಬ್ಬರ-ಇಳಿತದ ಅಂತರ ಕಡಿಮೆಯಿದ್ದು ಹೂಳೂ ಕಡಿಮೆ ಬರುವ ಕಾಡುಗಳು 2070ರಷ್ಟು ಬೇಗ ಮುಳುಗಬಹುದು ಎಂದು ಅದು ಎಚ್ಚರಿಸಿತು. ಕೃಷ್ಣೆಯ ಬಾಯಲ್ಲಿರುವುದು ಇಂಥ ಪರಿಸ್ಥಿತಿಯೇ.

ಮಾಗಡಿ ಕೆರೆ ಮತ್ತು ಅಘನಾಶಿನಿ

2024ರ ಜನವರಿ 31ರಂದು ದೇಶದ ಐದು ತಾಣಗಳು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಪ್ರಕಟಣೆ ಬಂತು. ಅವುಗಳಲ್ಲಿ ಮೂರು ಕರ್ನಾಟಕದವು: ವಿಜಯನಗರ ಜಿಲ್ಲೆಯ ಅಂಕಸಮುದ್ರ, ಕುಮಟಾ ಬಳಿಯ ಅಘನಾಶಿನಿ ಅಳಿವೆ, ನಮ್ಮ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಮಾಗಡಿ ಹೆಸರಾಗಿದೆ. ಅಘನಾಶಿನಿ ಹೆಸರಾದದ್ದು ಕಾಂಡ್ಲಾ, ಚಿಪ್ಪುಜೀವಿಗಳು ಮತ್ತು ಗಜನಿ ಭೂಮಿಯ ಕಗ್ಗ ಭತ್ತಕ್ಕೆ. ಉಪ್ಪು ನೀರು ತಾಳುವ ಆ ಭತ್ತದ ಗದ್ದೆಗಳ ಒಡ್ಡುಗಳನ್ನು ಉಬ್ಬರದ ಹೊಡೆತದಿಂದ ಕಾಯುವುದು ಒಡ್ಡಿನಂಚಿನ ಕಾಂಡ್ಲಾ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಸಿರ್ಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಸಮುದ್ರ ಸೇರುವವರೆಗೂ ಅದು ತನ್ನ ನೀರನ್ನೂ ಹೂಳನ್ನೂ ಋತುಮಾನಕ್ಕೆ ತಕ್ಕಂತೆ ತಾನೇ ಒಯ್ಯುತ್ತದೆ. ನಮ್ಮ ರಾಜ್ಯದ ಕಾಂಡ್ಲಾ ಬಹಳ ಕಡಿಮೆ. 2021ರ ಅರಣ್ಯ ಸ್ಥಿತಿಗತಿ ವರದಿಯಲ್ಲಿ ದೇಶದ ಒಟ್ಟು 4,992 ಚದರ ಕಿಲೋಮೀಟರಿನಲ್ಲಿ ಆಂಧ್ರದ್ದು 405, ಕರ್ನಾಟಕದ್ದು 13. ಇಷ್ಟು ಸಣ್ಣ ಆಸ್ತಿಯಲ್ಲಿ ಕಟ್ಟೆಯಿಲ್ಲದ ಹೊಳೆಯ ಬಾಯಿ ಉಳಿದಿರುವುದು ದೊಡ್ಡ ಸಂಗತಿ.

ಈ ಮಾತು ಗದಗಿನವರಿಗೆ ಇನ್ನೊಂದು ಕಾರಣಕ್ಕೆ ಮುಖ್ಯ. ಅಘನಾಶಿನಿಯಂತೆಯೇ ಪಶ್ಚಿಮಕ್ಕೆ ಹರಿಯುವ ಬೇಡ್ತಿ ಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸಿ ವರದಾ ನದಿಯ ಮೂಲಕ ತುಂಗಭದ್ರೆಗೆ ತರುವ ಯೋಜನೆಯ ಪ್ರಸ್ತಾಪದಲ್ಲಿ ನೀರು ಪಡೆಯುವ ಜಿಲ್ಲೆಗಳ ಸಾಲಿನಲ್ಲಿ ಗದಗೂ ಇದೆ. ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವ ಊರುಗಳಿಗೆ ನೀರು ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಅಂಥ ಯೋಜನೆ ತೂಗುವಾಗ ಟಿಎಂಸಿಯ ಲೆಕ್ಕದ ಪಕ್ಕದಲ್ಲೇ ಹೂಳಿನ ಲೆಕ್ಕವನ್ನೂ ಇಡಬೇಕು. ಸಮುದ್ರಕ್ಕೆ ಹೋಗುವ ನೀರು ವ್ಯರ್ಥ ಎಂದು ತೀರ್ಮಾನಿಸುವ ಮೊದಲು, ಆ ನೀರು ಅಳಿವೆಯಲ್ಲಿ ಏನು ಮಾಡುತ್ತಿದೆ ಎಂದು ಅಳೆಯಬೇಕು.

ಮೇಲಿನವರು ಮಾಡಬಹುದಾದ್ದು

ಹಾಗಾದರೆ ಕೃಷ್ಣೆಯ ಬಾಯಿಗೆ ಮಣ್ಣು ಮುಟ್ಟಲೆಂದು ನಮ್ಮ ಹೊಲದ ಒಡ್ಡು ಬಿಚ್ಚಬೇಕೇ? ಖಂಡಿತ ಬೇಡ. ಒಂದು ಅಂಗುಲ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು. ಅದು ಹೊಲದಲ್ಲೇ ಇರಬೇಕು. ಹೊಲದ ಮಣ್ಣು ಹೊಲದಲ್ಲಿ ನಿಂತಷ್ಟೂ ಜಲಾಶಯ ನಿಧಾನವಾಗಿ ತುಂಬುತ್ತದೆ, ಹೊಸ ಜಲಾಶಯದ ಅಗತ್ಯವೂ ಮುಂದಕ್ಕೆ ಹೋಗುತ್ತದೆ. ದಂಡೆಗೆ ಬೇಕಾದ್ದು ಹೊಳೆಯ ಪಾತ್ರದಲ್ಲೇ ಇರುವ ಮರಳು ಮತ್ತು ಹೂಳು, ಅದನ್ನು ತಳ್ಳಿಕೊಂಡು ಹೋಗುವಷ್ಟು ಪ್ರವಾಹ. ಹಾಗಾಗಿ ತುಂಗಭದ್ರೆಯ ಒಡಲಿನಿಂದ ಅಳತೆಯಿಲ್ಲದೆ ಮರಳು ತೆಗೆಯುವುದು ಇಲ್ಲಿಯ ದಂಡೆಗೆ ಮಾತ್ರವಲ್ಲ, ದೂರದ ಕಡಲಂಚಿಗೂ ಪೆಟ್ಟು. ಪ್ರವಾಹದ ಮೊದಲ ದಿನಗಳ ಕೆಂಪು ನೀರನ್ನು ಕೆಳಗಿನ ತೂಬುಗಳಿಂದ ಹರಿಯಬಿಟ್ಟು, ಆಮೇಲೆ ಬರುವ ತಿಳಿನೀರನ್ನು ಹಿಡಿಯುವ ಪದ್ಧತಿ ಚೀನಾದ ಸಾನ್ಮೆನ್‌ಶಿಯಾದಂಥ ಜಲಾಶಯಗಳಲ್ಲಿ ರೂಢಿಯಲ್ಲಿದೆ. ಹೊಸದಾಗಿ ಕಟ್ಟುವ ಯಾವುದೇ ಕಟ್ಟೆಗೆ ಅದನ್ನು ಮೊದಲ ನಕ್ಷೆಯಲ್ಲೇ ಸೇರಿಸಬಹುದು.

ಹೂಳನ್ನು ಹೊಲಕ್ಕೆ ಮರಳಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಮಣ್ಣನ್ನು ಮೊದಲು ಚಕ್ಕಡಿಯಲ್ಲಿ, ಈಗ ಟ್ರ್ಯಾಕ್ಟರಿನಲ್ಲಿ ಹೇರಿ ಹೊಲಕ್ಕೆ ಹಾಕುವ ರೂಢಿ ಇದೆ. ಕೆರೆಗೆ ನೀರಿನ ಜಾಗ ಸಿಗುತ್ತದೆ, ಮಸಾರಿ ಹೊಲಕ್ಕೆ ಹಸಿ ಹಿಡಿಯುವ ಶಕ್ತಿ ಬರುತ್ತದೆ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಗಣಿಗಾರಿಕೆಯ ವಿರುದ್ಧ ಈ ಭಾಗದ ಜನ ವರ್ಷಗಟ್ಟಲೆ ನಿಂತದ್ದರ ಫಲ ಅದು. ಗುಡ್ಡದ ಹುಲ್ಲೂ ಕುರುಚಲು ಗಿಡವೂ ಇಳಿಜಾರಿನಲ್ಲಿ ಮಾಡುವ ಕೆಲಸವನ್ನೇ ಕಾಂಡ್ಲಾ ಕಡಲಂಚಿನಲ್ಲಿ ಮಾಡುತ್ತದೆ: ನೀರಿನ ವೇಗ ತಗ್ಗಿಸುವುದು, ಮಣ್ಣನ್ನು ಬೇರಿನಲ್ಲಿ ಹಿಡಿಯುವುದು.

ಕೆಳಗಿನವರೂ ಕೈಕಟ್ಟಿ ಕೂತಿಲ್ಲ. ಆಂಧ್ರದ ಅರಣ್ಯ ಇಲಾಖೆ ಮತ್ತು ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಕೃಷ್ಣಾ-ಗೋದಾವರಿ ಬಾಯಿಗಳಲ್ಲಿ ಉಪ್ಪುಗಟ್ಟಿ ಬರಡಾದ ಜಾಗಗಳಿಗೆ ಕಾಲುವೆ ತೋಡಿದವು. ದೊಡ್ಡ ಕಾಲುವೆಯ ಎರಡೂ ಬದಿಗೆ ಓರೆಯಾಗಿ ಸಣ್ಣ ಕಾಲುವೆಗಳಿರುವ ಈ ವಿನ್ಯಾಸದಿಂದ ಉಬ್ಬರದ ನೀರು ಒಳಗೆಲ್ಲ ಆಡಿ ಕೆಸರಿನ ಉಪ್ಪು ಇಳಿಯಿತು, ನೆಟ್ಟ ಅವಿಸೆನಿಯಾ ಚಿಗುರಿತು. ಹಳ್ಳಿಯ ಜನರೇ ಈ ಕೆಲಸದಲ್ಲಿ ಕೈಜೋಡಿಸಿದರು.

ಅವರು ನೆಟ್ಟ ಮರಗಳ ಬೇರು ಹಿಡಿಯಬೇಕಾದ ಮಣ್ಣು ಹೊರಡುವುದು ನಮ್ಮ ಹಳ್ಳಗಳಿಂದ. ಲಕ್ಷ್ಮೇಶ್ವರದ ಒಂದು ಕೆರೆಯ ಹೂಳು, ಮುಂಡರಗಿಯ ಹೊಳೆಯ ಮರಳು, ಹೊಸಪೇಟೆಯ ಅಣೆಕಟ್ಟಿನ ತೂಬು, ದಿವಿಸೀಮೆಯ ನಾಗಾಯಲಂಕದ ಕಾಂಡ್ಲಾ ಇವು ನಾಲ್ಕು ಇಲಾಖೆಗಳ ನಾಲ್ಕು ಕಡತಗಳಲ್ಲಿ ಬೇರೆ ಬೇರೆ ಇರಬಹುದು. ಹೊಳೆಗೆ ಮಾತ್ರ ಅವೆಲ್ಲ ಒಂದೇ ಲೆಕ್ಕ. ನೀರಿನ ಹಂಚಿಕೆಗಾಗಿ ನ್ಯಾಯಮಂಡಳಿಗಳ ಮುಂದೆ ದಶಕಗಟ್ಟಲೆ ವಾದ ಮಾಡಿದ ನಾಲ್ಕು ರಾಜ್ಯಗಳು ಕೃಷ್ಣೆಯ ಹೂಳಿನ ಬಗ್ಗೆಯೂ ಒಂದೆಡೆ ಕೂತು ಮಾತಾಡುವ ಕಾಲ ಬಂದಿದೆ. ಆ ಮಾತುಕತೆಯಲ್ಲಿ ಗದಗ ಜಿಲ್ಲೆಯ ರೈತನಿಗೂ ದಿವಿಸೀಮೆಯ ಮೀನುಗಾರನಿಗೂ ಒಂದೇ ಸಾಲಿನಲ್ಲಿ ಜಾಗ ಇರಬೇಕು, ಏಕೆಂದರೆ ಇಬ್ಬರೂ ಕಳೆದುಕೊಳ್ಳುತ್ತಿರುವುದು ಅದೇ ಮಣ್ಣನ್ನು.